ಸಂಗೀತ ನಾಟಕ ಮತ್ತು ಮೈಮೇಲಿನ ಮೈಕು: ಬ್ರಾಡ್‌ವೇ ರಂಗಭೂಮಿಯ ಒಂದು ಅಧ್ಯಾಯ

ರಂಗಭೂಮಿಯ ಚರಿತ್ರೆಕಾರರು ನಾಟಕಕಾರನನ್ನು, ನಟನನ್ನು, ರಂಗಸಜ್ಜಿಕೆಯನ್ನು, ಬೆಳಕಿನ ವಿನ್ಯಾಸವನ್ನು ಕುರಿತು ಸಾಕಷ್ಟು ಬರೆದಿದ್ದಾರೆ. ರಂಗದ ಮೇಲೆ ಹುಟ್ಟಿದ ಮಾತು ಕೊನೆಯ ಸಾಲಿನಲ್ಲಿ ಕುಳಿತವನ ಕಿವಿಯನ್ನು ಯಾವ ದಾರಿಯಿಂದ ತಲುಪಿತು ಎಂಬುದರ ಕಡೆಗೆ ಮಾತ್ರ ಅವರ ಗಮನ ಹರಿದದ್ದು ಕಡಿಮೆ. ಈ ಪ್ರಶ್ನೆ ಹೊಸದೇನಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತನು ನಾಟ್ಯಗೃಹದ ಪ್ರಮಾಣಗಳನ್ನು ಹೇಳುವಾಗ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪವೇ ಯೋಗ್ಯವೆಂದು ವಿಧಿಸುತ್ತಾನೆ. ಅದಕ್ಕಿಂತ ದೊಡ್ಡದಾದರೆ ಪಾಠ್ಯವು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದಾಗುತ್ತದೆ ಎಂಬುದು ಅವನು ಕೊಡುವ ಕಾರಣ. ಕಂಠದ ಅಳತೆಯೇ ಕಟ್ಟಡದ ಅಳತೆಯನ್ನು ನಿರ್ಧರಿಸಬೇಕೆಂಬ ಈ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಲೋಕದ ಬಹುಪಾಲು ರಂಗಭೂಮಿಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಉಳಿದಿತ್ತು. ಅದನ್ನು ತಲೆಕೆಳಗು ಮಾಡಿದ್ದು ನಟನ ಮೈಮೇಲೆ ಬಂದು ಕುಳಿತ ಸಣ್ಣದೊಂದು ಧ್ವನಿಗ್ರಾಹಕ. ಈ ಪಲ್ಲಟವನ್ನು ಅತ್ಯಂತ ಸ್ಪಷ್ಟವಾಗಿ ನೋಡಬಹುದಾದ ಸ್ಥಳವೆಂದರೆ ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಅದಕ್ಕೆ ಸರಿಸಾಟಿಯಾಗಿ ಬೆಳೆದ ಲಂಡನ್ನಿನ ವೆಸ್ಟ್ ಎಂಡ್.

ಮೈಕಿಗಿಂತ ಮೊದಲಿನ ಸಂಗೀತ ನಾಟಕವು ಕಂಠಬಲದ ಮೇಲೆ ನಿಂತ ಕಲೆ. 1930ರಲ್ಲಿ ‘ಗರ್ಲ್ ಕ್ರೇಜಿ’ ನಾಟಕದ ಮೂಲಕ ಬ್ರಾಡ್‌ವೇ ಪ್ರವೇಶಿಸಿದ ಎಥೆಲ್ ಮರ್ಮನ್ ಆ ಪರಂಪರೆಯ ಪ್ರಾತಿನಿಧಿಕ ಹೆಸರು. ಮೊದಲು ಕಚೇರಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ ಈಕೆಯ ಧ್ವನಿ ತುತ್ತೂರಿಯಂತೆ ಮೇಳವನ್ನು ಸೀಳಿಕೊಂಡು ಬಾಲ್ಕನಿಯ ಕೊನೆಯವರೆಗೂ ಹೋಗುತ್ತಿತ್ತು. ಇದು ಬರಿಯ ಜೋರಿನ ಮಾತಲ್ಲ. ಒಪೆರಾ ಗಾಯಕರನ್ನು ಅಧ್ಯಯನ ಮಾಡಿದ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ವಾದ್ಯವೃಂದದ ಶಕ್ತಿ ಹೆಚ್ಚಾಗಿ 500 ಹರ್ಟ್ಸ್ ಸುತ್ತಮುತ್ತ ಕೇಂದ್ರೀಕೃತವಾಗಿರುತ್ತದೆ. ಪಳಗಿದ ಗಾಯಕನು 3,000 ಹರ್ಟ್ಸ್ ಆಸುಪಾಸಿನಲ್ಲಿ ತನ್ನ ಕಂಠದ ಶಕ್ತಿಯನ್ನು ಒಟ್ಟುಗೂಡಿಸಿ, ಮೇಳವು ದುರ್ಬಲವಾಗಿರುವ ಆ ಕಿಂಡಿಯಿಂದ ಹೊರಬರುತ್ತಾನೆ. ಬ್ರಾಡ್‌ವೇ ಗಾಯಕರ ಶಾರೀರ ಒಪೆರಾದ್ದಲ್ಲವಾದರೂ ಅವರು ಎದುರಿಸಬೇಕಾಗಿದ್ದ ಸಮಸ್ಯೆ ಅದೇ. ಇದಕ್ಕೆ ಇಡೀ ರಂಗಭೂಮಿ ಒತ್ತಾಸೆಯಾಗಿ ನಿಂತಿತ್ತು. ರಾಬರ್ಟ್ ರಸೆಲ್ ಬೆನೆಟ್ ಅವರಂಥ ವಾದ್ಯಸಂಯೋಜಕರು ಸಾಹಿತ್ಯ ಬರುವ ಕಡೆ ಮೇಳವನ್ನು ತೆಳುವಾಗಿಸಿ, ಸಾಲು ಮುಗಿದ ಬಿಡುವಿನಲ್ಲಿ ತುಂಬಿಕೊಡುತ್ತಿದ್ದರು. ನಿರ್ದೇಶಕನು ಮುಖ್ಯ ಹಾಡುಗಳಿಗೆ ನಟನನ್ನು ರಂಗದ ಮುಂಭಾಗಕ್ಕೆ ತರುತ್ತಿದ್ದ. ನಟನು ಸಭೆಗೆ ಬೆನ್ನು ಮಾಡಿ ಹಾಡುವುದು ಎಣಿಕೆಗೆ ಮೀರಿದ ಮಾತಾಗಿತ್ತು. ಹೀಗೆ ರಂಗಚಲನೆ, ವಾದ್ಯ, ಶಾರೀರ ಮೂರೂ ಒಂದೇ ಕಟ್ಟುಪಾಡಿಗೆ ಒಳಪಟ್ಟಿದ್ದವು.

ನಮ್ಮ ಕಂಪನಿ ನಾಟಕಗಳನ್ನು ಬಲ್ಲವರಿಗೆ ಈ ವಿವರಣೆ ಅಪರಿಚಿತವೆನ್ನಿಸದು. ವರದಾಚಾರ್ಯರ ಕಾಲದಿಂದ ಗುಬ್ಬಿ ವೀರಣ್ಣನವರ ಕಂಪನಿಯ ಏಳಿಗೆಯ ದಿನಗಳವರೆಗೂ ನಟನಾಗಬಯಸಿದವನ ಮೊದಲ ಪರೀಕ್ಷೆ ಕಂಠದ್ದೇ ಆಗಿತ್ತು. ಕಾಲು ಹಾರ್ಮೋನಿಯಂ, ತಬಲಗಳ ಮೇಲೆ ಕಂದವನ್ನು ಎತ್ತಿ ಹಾಡಬಲ್ಲವನಿಗೇ ‘ಒನ್ಸ್ ಮೋರ್’ ದೊರೆಯುತ್ತಿತ್ತು. ಮೈಕು ಬಂದಾಗಲೂ ಅದು ಮೊದಲು ನಟನ ಮೈಮೇಲೆ ಬರಲಿಲ್ಲ. ರಂಗದ ಮೇಲಿನಿಂದ ಇಳಿಬಿದ್ದಿತು. ಮಾತಿನ ಸರದಿ ಬಂದ ಪಾತ್ರವು, ಅದು ಚಕ್ರವರ್ತಿಯೇ ಇರಲಿ, ತೂಗುವ ಮೈಕಿನ ಕೆಳಗೆ ಬಂದು ನಿಲ್ಲುವ ದೃಶ್ಯವನ್ನು ಹಳೆಯ ಪ್ರೇಕ್ಷಕರು ಮರೆತಿರಲಾರರು.

ಬ್ರಾಡ್‌ವೇಯಲ್ಲಿ ಇದರ ಸಮಾನಾಂತರ ಹಂತವೆಂದರೆ ರಂಗದ ಅಂಚಿನುದ್ದಕ್ಕೂ, ಅಡಿದೀಪಗಳ ಜಾಗದಲ್ಲಿ, ನೆಲಮಟ್ಟದಲ್ಲಿ ಇಟ್ಟ ಮೈಕುಗಳದು. 1940 ಹಾಗೂ 1950ರ ದಶಕಗಳಲ್ಲಿ ಇವು ಬಳಕೆಗೆ ಬಂದವು. ಇವು ಕಂಠಕ್ಕೆ ಒಂದಿಷ್ಟು ಆಸರೆ ಕೊಟ್ಟವೇ ಹೊರತು ಅದರ ಸ್ಥಾನವನ್ನು ಆಕ್ರಮಿಸಲಿಲ್ಲ. ನಟನ ಬಾಯಿಗಿಂತ ಅವನ ಬೂಟಿಗೆ ಈ ಮೈಕು ಹತ್ತಿರವಿತ್ತೆಂಬುದೇ ಅದರ ದೊಡ್ಡ ಕೊರತೆ. ನೃತ್ಯದ ಹೆಜ್ಜೆಸದ್ದು ಹಾಡಿನಷ್ಟೇ ಧಾರಾಳವಾಗಿ ಸಭೆಗೆ ಹರಿಯುತ್ತಿತ್ತು.

ತಂತಿಯಿಲ್ಲದ ಮೈಕಿನ ತಂತ್ರಜ್ಞಾನ ರಂಗಭೂಮಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಶ್ಯೂರ್ ಸಂಸ್ಥೆ 1953ರಲ್ಲಿ ಅಂಥದೊಂದು ಸಾಧನವನ್ನು ಮಾರುಕಟ್ಟೆಗೆ ತಂದಿತು. ಜರ್ಮನಿಯ ಸೆನ್‌ಹೈಸರ್ ಅದೇ ದಶಕದ ಕೊನೆಯ ಭಾಗದಲ್ಲಿ ದೂರದರ್ಶನದ ಅಗತ್ಯಕ್ಕಾಗಿ ತನ್ನದನ್ನು ರೂಪಿಸಿತು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಕಂಡುಹಿಡಿದ ಎಲೆಕ್ಟ್ರೆಟ್ ಮೈಕು, ಧ್ವನಿಗ್ರಾಹಕವನ್ನು ಅತಿ ಕಿರಿದಾಗಿಸುವ ದಾರಿ ತೆರೆಯಿತು. 1964ರ ‘ಮೈ ಫೇರ್ ಲೇಡಿ’ ಚಲನಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ ಹೋದಾಗ ಅವರ ಟೈಯೊಳಗೆ ತಂತಿರಹಿತ ಮೈಕನ್ನು ಅಡಗಿಸಿ ಚಿತ್ರೀಕರಿಸಲಾಯಿತು. ಚಲನಚಿತ್ರದಲ್ಲಿ ತಪ್ಪಾದರೆ ಇನ್ನೊಮ್ಮೆ ಚಿತ್ರೀಕರಿಸಬಹುದು. ರಂಗಭೂಮಿಗೆ ಆ ಸೌಕರ್ಯವಿಲ್ಲ.

ನಟರ ಕಂಠ ದುರ್ಬಲವಾದ್ದರಿಂದ ಮೈಕು ಬಂದಿತೆಂಬ ದೂರು ಎಲ್ಲ ಭಾಷೆಗಳ ರಂಗಭೂಮಿಯಲ್ಲೂ ಕೇಳಿಬರುತ್ತದೆ. ಇದು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ ವಾದ. ಮೊದಲು ಬದಲಾದದ್ದು ಪ್ರೇಕ್ಷಕನ ಕಿವಿ. ಮನೆಯಲ್ಲಿ ರೇಡಿಯೋ ಮತ್ತು ಗ್ರಾಮಫೋನಿನ ಮೂಲಕ ಗಾಯಕನ ಉಸಿರನ್ನೂ ಕೇಳಿ ರೂಢಿಯಾದವನಿಗೆ ರಂಗಮಂದಿರದ ಹಿಂದಿನ ಸಾಲಿನಲ್ಲಿ ಕೇಳುವ ಧ್ವನಿ ತೀರ ದೂರದ್ದೆನಿಸತೊಡಗಿತು. 1968ರ ಎರಡು ನಾಟಕಗಳು ಈ ಬದಲಾವಣೆಯನ್ನು ಮುನ್ನೆಲೆಗೆ ತಂದವು. ಏಪ್ರಿಲಿನಲ್ಲಿ ಬ್ರಾಡ್‌ವೇಗೆ ಬಂದ ‘ಹೇರ್’ ರಾಕ್ ಸಂಗೀತವನ್ನೂ ಕೈಯಲ್ಲಿ ಹಿಡಿಯುವ ಮೈಕನ್ನೂ ಮುಚ್ಚುಮರೆಯಿಲ್ಲದೆ ರಂಗಕ್ಕೆ ತಂದಿತು. ಡಿಸೆಂಬರಿನ ‘ಪ್ರಾಮಿಸಸ್, ಪ್ರಾಮಿಸಸ್’ನಲ್ಲಿ ಸಂಗೀತಕಾರ ಬರ್ಟ್ ಬ್ಯಾಕರ‍್ಯಾಕ್ ತಮ್ಮ ಧ್ವನಿಮುದ್ರಿಕೆಗಳ ನಾದವೇ ರಂಗಮಂದಿರದಲ್ಲೂ ಕೇಳಬೇಕೆಂದು ಹಟ ಹಿಡಿದರು. ಧ್ವನಿಮುದ್ರಣದಲ್ಲಿ ಪಳಗಿದ್ದ ಫಿಲ್ ರಮೋನ್ ಅದಕ್ಕೆ ವ್ಯವಸ್ಥೆ ಮಾಡಿದರು. ವಾದ್ಯಗಾರರ ನಡುವೆ ಹಿನ್ನೆಲೆ ಗಾಯಕಿಯರನ್ನೂ ಕೂರಿಸಲಾಯಿತು. ಇಲ್ಲಿಂದಾಚೆಗೆ ರಂಗಮಂದಿರದ ನಾದಕ್ಕೆ ಮಾದರಿ ಸ್ಟುಡಿಯೋ ಆಯಿತು.

1971ರ ಅಕ್ಟೋಬರಿನಲ್ಲಿ ಮಾರ್ಕ್ ಹೆಲಿಂಜರ್ ರಂಗಮಂದಿರದಲ್ಲಿ ತೆರೆಕಂಡ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನ ಪ್ರಸಂಗ ಈ ಚರಿತ್ರೆಯಲ್ಲಿ ವಿಶೇಷ ಮನನಕ್ಕೆ ಅರ್ಹವಾದುದು. ಈ ಕೃತಿ 1970ರಲ್ಲಿ ಮೊದಲು ಧ್ವನಿಮುದ್ರಿಕೆಯಾಗಿ ಹೊರಬಂದಿತ್ತು, ನಾಟಕವಾದದ್ದು ಆಮೇಲೆ. ಆದ್ದರಿಂದ ಪ್ರೇಕ್ಷಕನು ಕೇಳಬೇಕಾದ ನಾದವನ್ನು ಮೊದಲೇ ಕಿವಿಯಲ್ಲಿ ಹೊತ್ತು ಬರುತ್ತಿದ್ದ. ನಟರಿಗೆ ತಂತಿರಹಿತ ಮೈಕುಗಳನ್ನು ತೊಡಿಸುವ ಪ್ರಯತ್ನ ನಡೆಯಿತು. ಆ ಕಾಲದ ಸಾಧನಗಳು ಹೊರಗಿನ ರೇಡಿಯೋ ಸಂಕೇತಗಳ ಹಾವಳಿಯನ್ನು ತಡೆದುಕೊಳ್ಳಲಾರದೆ ಹೋದವು; ಪೂರ್ವಪ್ರದರ್ಶನ ರದ್ದಾಗುವ ಸ್ಥಿತಿ ಬಂದಿತು. ಆಗ ಕರೆಸಿಕೊಂಡದ್ದು ಏಬ್ ಜೇಕಬ್ ಅವರನ್ನು. ಜಿಮಿ ಹೆಂಡ್ರಿಕ್ಸ್ ಮೊದಲಾದವರ ರಾಕ್ ಕಛೇರಿಗಳಿಗೆ ಧ್ವನಿವ್ಯವಸ್ಥೆ ಮಾಡಿದ ಅನುಭವಿ ಇವರು. ಜೇಕಬ್ ಹೊಸ ತಂತ್ರಜ್ಞಾನದ ಹಿಂದೆ ಬೀಳದೆ ಹಿಂದಕ್ಕೆ ಸರಿದರು: ತಂತಿಯುಳ್ಳ ಕೈಮೈಕುಗಳನ್ನು ನಟರಿಗೆ ಕೊಟ್ಟು, ಆ ತಂತಿಗಳು ಹಗ್ಗದಂತೆ ಕಾಣುವ ಹಾಗೆ ಮರೆಮಾಚಿಸಿದರು. ಬೈಬಲಿನ ಕಾಲದ ಪಾತ್ರಗಳು ಹಗ್ಗ ಹಿಡಿದು ಹಾಡಿದವು. ಮೈಕನ್ನು ನಾಟಕದ ಲೋಕದೊಳಗೆ ಬಚ್ಚಿಡಬೇಕೆಂಬ ಹಂಬಲವೂ ಅದು ಆ ಕಾಲಕ್ಕೆ ಸಾಧ್ಯವಾಗದ ಸಂಕಟವೂ ಆ ಹಗ್ಗಗಳಲ್ಲಿ ಒಟ್ಟಿಗೆ ಕಾಣುತ್ತವೆ. ‘ಧ್ವನಿ ವಿನ್ಯಾಸಕ’ ಎಂಬ ವೃತ್ತಿಯು ಬ್ರಾಡ್‌ವೇಯಲ್ಲಿ ಬೇರೂರಿದ್ದು ಈ ಜೇಕಬ್ ಅವರ ಕೆಲಸದ ಮೂಲಕವೇ. 1975ರ ‘ಎ ಕೋರಸ್ ಲೈನ್’ಗೂ ಅವರೇ ವಿನ್ಯಾಸಕರು, ಅಲ್ಲಿ ಅವರು ಮುಖ್ಯವಾಗಿ ನೆಚ್ಚಿಕೊಂಡದ್ದು ರಂಗದ ಅಂಚಿನ ಮೈಕುಗಳನ್ನು. ನಟರು ಸಾಲಾಗಿ ಮುಂಭಾಗದಲ್ಲೇ ನಿಲ್ಲುವ ಆ ನಾಟಕಕ್ಕೆ ಅದು ಹೊಂದಿಕೊಂಡಿತು.

ಎಲ್ಲರ ಮೈಗೂ ಮೈಕು ಎಂಬ ಪದ್ಧತಿ ನೆಲೆಗೊಂಡದ್ದು 1980ರ ದಶಕದ ಲಂಡನ್ನಿನಲ್ಲಿ. 1984ರ ‘ಸ್ಟಾರ್‌ಲೈಟ್ ಎಕ್ಸ್‌ಪ್ರೆಸ್’ನಲ್ಲಿ ನಟರು ಗಾಲಿಬೂಟು ತೊಟ್ಟು ಪ್ರೇಕ್ಷಕರ ನಡುವೆಯೂ ಓಡುತ್ತಿದ್ದರು, ನೆಲದ ಮೈಕು ಅಲ್ಲಿ ಯಾವ ಕೆಲಸಕ್ಕೂ ಬಾರದು. 1985ರ ‘ಲೇ ಮಿಸೆರಾಬ್ಲ್’, 1986ರ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ಗಳು ಆ ಪದ್ಧತಿಯನ್ನು ಲೋಕದ ತುಂಬ ಹರಡಿದವು.

ನಮ್ಮಲ್ಲಿ ಇದನ್ನು ‘ಕಾಲರ್ ಮೈಕು’ ಎನ್ನುವ ರೂಢಿ. ಸಂಗೀತ ನಾಟಕದ ಮಟ್ಟಿಗೆ ಆ ಹೆಸರು ಒಪ್ಪುವುದಿಲ್ಲ. ಕೊರಳಪಟ್ಟಿಯಲ್ಲಿಟ್ಟರೆ ಗದ್ದದ ಮರೆಯಾಗುತ್ತದೆ, ನಟನು ತಲೆ ತಿರುಗಿಸಿದೊಡನೆ ಧ್ವನಿ ಏರಿಳಿಯುತ್ತದೆ, ಬಟ್ಟೆಯ ಸರಸರ ಸದ್ದು ಸೇರುತ್ತದೆ. ಅದಕ್ಕಾಗಿ ಅಕ್ಕಿಕಾಳಿಗಿಂತ ಕೊಂಚ ದೊಡ್ಡದಾದ ಮೈಕನ್ನು ಹಣೆಯ ಮೇಲೆ, ಕೂದಲು ಆರಂಭವಾಗುವ ಅಂಚಿನಲ್ಲಿ ಹುದುಗಿಸುತ್ತಾರೆ. ಇಲ್ಲವೆ ಕಿವಿಯ ಬಳಿ ಅಂಟಿಸುತ್ತಾರೆ. ಅಲ್ಲಿಂದ ತೆಳುವಾದ ತಂತಿ ವಿಗ್ಗಿನ ಒಳಗಿನಿಂದ ಬೆನ್ನಿಗಿಳಿದು, ಸೊಂಟಕ್ಕೆ ಕಟ್ಟಿದ ಪ್ರಸಾರಕವನ್ನು ಸೇರುತ್ತದೆ. ಇದರ ಪರಮಶತ್ರು ಬೆವರು. ಪ್ರಸಾರಕವನ್ನು ಬೆವರಿನಿಂದ ಕಾಪಾಡಲು ರಂಗಕರ್ಮಿಗಳು ದೀರ್ಘಕಾಲ ನೆಚ್ಚಿಕೊಂಡದ್ದು ಕಾಂಡೋಮನ್ನು ಎಂಬುದು ವೃತ್ತಿವಲಯದಲ್ಲಿ ಎಲ್ಲರೂ ಬಲ್ಲ ಸಂಗತಿ. ಹೀಗೆ ಮೈಕು ಬಂದ ಮೇಲೆ ಪ್ರಸಾಧನದವರೂ ವಿಗ್ಗಿನವರೂ ವೇಷಭೂಷಣದವರೂ ಧ್ವನಿಯ ಕೆಲಸದಲ್ಲಿ ಪಾಲುಗಾರರಾದರು.

ಆದರೆ ಇದೆಲ್ಲಕ್ಕಿಂತ ಮುಖ್ಯವಾದ ಪಾಲುಗಾರನು ಸಭಾಂಗಣದ ಹಿಂಭಾಗದಲ್ಲಿ, ಸಾಮಾನ್ಯ ಪ್ರೇಕ್ಷಕನಿಗೆ ಬೆನ್ನಾಗಿ ಕುಳಿತಿರುತ್ತಾನೆ. ಇಪ್ಪತ್ತು ಮೂವತ್ತು ಮೈಕುಗಳನ್ನು ಏಕಕಾಲಕ್ಕೆ ತೆರೆದಿಟ್ಟರೆ ನಾದವೆಲ್ಲ ಕಲಸಿಹೋಗುತ್ತದೆ. ಪ್ರಣಯಿಗಳಿಬ್ಬರು ಅಪ್ಪಿಕೊಂಡಾಗ ಒಬ್ಬರ ಧ್ವನಿ ಇಬ್ಬರ ಮೈಕಿಗೂ ಕ್ಷಣಾಂಶದ ಅಂತರದಲ್ಲಿ ಬಿದ್ದು, ಟೊಳ್ಳಾಗಿ ಕೇಳುತ್ತದೆ. ಆದ್ದರಿಂದ ಧ್ವನಿ ನಿರ್ವಾಹಕನು ನಾಟಕದ ಪಾಠವನ್ನು ಮುಂದಿಟ್ಟುಕೊಂಡು, ಮಾತಾಡುವ ಪಾತ್ರದ ಮೈಕನ್ನು ಮಾತ್ರ, ಮಾತು ಮಾತಿಗೂ, ತೆರೆದು ಮುಚ್ಚುತ್ತಿರಬೇಕು. ಅವನ ಬೆರಳು ತಡವಾದರೆ ಸಂಭಾಷಣೆಯ ಮೊದಲ ಅಕ್ಷರ ಕಳೆದುಹೋಗುತ್ತದೆ. ಅವಸರವಾದರೆ ನಟನು ಉಸಿರೆಳೆದುಕೊಳ್ಳುವ ಸದ್ದು ಸಭೆಗೆಲ್ಲ ಕೇಳುತ್ತದೆ. ಯಕ್ಷಗಾನದ ಭಾಗವತನು ವೇಷಧಾರಿಯ ಹೆಜ್ಜೆಯನ್ನು ನೋಡುತ್ತ ಪದವನ್ನು ಎತ್ತುವಷ್ಟೇ ಸೂಕ್ಷ್ಮವಾದ ಕೆಲಸವಿದು. ಭಾಗವತ ಎಲ್ಲರ ಕಣ್ಣಿಗೆ ಕಾಣುತ್ತಾನೆ, ಇವನು ಕಾಣುವುದಿಲ್ಲ.

ಮೈಕಿನಿಂದ ನಷ್ಟವಾದದ್ದೇನು ಎಂಬುದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಕಂಠಬಲವೆಂಬುದು. ನಿಜವಾಗಿ ಮೊದಲು ನಷ್ಟವಾದದ್ದು ದಿಕ್ಕು. ನಟನು ರಂಗದ ಎಡಮೂಲೆಯಲ್ಲಿ ಹಾಡುತ್ತಾನೆ, ಹಾಡು ಮೇಲಿನ ಧ್ವನಿವರ್ಧಕದಿಂದ ಬರುತ್ತದೆ. ಗುಂಪಿನ ದೃಶ್ಯದಲ್ಲಿ ಮಾತಾಡುತ್ತಿರುವವರು ಯಾರೆಂದು ಕಣ್ಣು ಹುಡುಕಬೇಕಾಗುತ್ತದೆ. ಇದಕ್ಕೆ ಪರಿಹಾರ ದೊರೆತದ್ದು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಮಂಡಿಸಿದ ಸಂಶೋಧನೆಯಿಂದ. ಒಂದೇ ಧ್ವನಿ ಎರಡು ಕಡೆಯಿಂದ ಬಂದಾಗ, ಮೊದಲು ತಲುಪಿದ್ದು ಯಾವ ದಿಕ್ಕಿನದೋ ಆ ದಿಕ್ಕಿನಿಂದಲೇ ಬಂದಿತೆಂದು ಕಿವಿ ನಂಬುತ್ತದೆ; ಸುಮಾರು 30 ಮಿಲಿಸೆಕೆಂಡಿನೊಳಗೆ ಹಿಂಬಾಲಿಸಿ ಬಂದ ಎರಡನೆಯದು ಕೊಂಚ ಜೋರಾಗಿದ್ದರೂ ಆ ನಂಬಿಕೆ ಕೆಡುವುದಿಲ್ಲ. ಧ್ವನಿವರ್ಧಕವನ್ನು ಅಷ್ಟು ಮಾತ್ರ ತಡಮಾಡಿಸಿದರೆ, ಧ್ವನಿ ನಟನ ಬಾಯಿಂದಲೇ ಹೊರಟಂತೆ ಭಾಸವಾಗುತ್ತದೆ. ಈ ಉಪಾಯಕ್ಕೂ ಒಂದು ಷರತ್ತಿದೆ. ನಟನ ನೇರವಾದ ಧ್ವನಿ ಅಲ್ಪವಾಗಿಯಾದರೂ ಪ್ರೇಕ್ಷಕನನ್ನು ಮೊದಲು ಮುಟ್ಟಬೇಕು. ಪಿಸುಮಾತಿನಲ್ಲೇ ಹಾಡಿ ಉಳಿದದ್ದನ್ನು ಯಂತ್ರಕ್ಕೆ ಬಿಡುವ ನಟನಿಗೆ ಇದು ನೆರವಾಗದು. ಮೈಕಿನ ಯುಗದಲ್ಲೂ ಪಳಗಿದ ಕಂಠಕ್ಕೆ ಬೆಲೆ ಉಳಿದಿರುವುದು ಇಂಥ ಕಡೆಯಲ್ಲಿ.

ಲಾಭವೂ ಚಿಕ್ಕದಲ್ಲ. ವಾರಕ್ಕೆ ಎಂಟು ಪ್ರದರ್ಶನ ಕೊಡುವ ನಟನ ಗಂಟಲಿಗೆ ಅದು ರಕ್ಷೆಯಾಯಿತು. ಮರ್ಮನ್‌ರ ಕಾಲದಲ್ಲಿ ರಂಗದ ಹತ್ತಿರಕ್ಕೂ ಬರಲಾಗದ ಮೃದುಕಂಠಗಳಿಗೆ ಪಾತ್ರಗಳು ದೊರೆತವು. ನಟನು ಬೆನ್ನು ತಿರುಗಿಸಬಹುದು, ಮಲಗಿ ಹಾಡಬಹುದು, ದುಃಖವನ್ನು ದುಃಖದಷ್ಟೇ ಮೆಲ್ಲಗೆ ಹೇಳಬಹುದು. ಆದರೆ ಒಮ್ಮೆ ಮಟ್ಟ ಏರಿಸಿದ ಮೇಲೆ ಇಳಿಸುವ ಧೈರ್ಯವನ್ನು ಬಹಳ ಮಂದಿ ನಿರ್ಮಾಪಕರು ತೋರಲಿಲ್ಲವೆಂಬುದನ್ನೂ ಹೇಳಬೇಕು. ಮೈಕಿನ ಸಲುಗೆಯಿಂದ ಪಿಸುಮಾತು ಸಾಧ್ಯವಾಯಿತು. ಅಬ್ಬರವೇ ಹೆಚ್ಚು ಕೇಳಿಬಂದಿತು. 1999ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾ ತನ್ನ ರಂಗಮಂದಿರದ ನಾದವನ್ನು ವಿದ್ಯುನ್ಮಾನ ವ್ಯವಸ್ಥೆಯಿಂದ ಹಿಗ್ಗಿಸಲು ತೊಡಗಿದಾಗ ಎದ್ದ ವಿವಾದದ ಹಿಂದೆ ಇದ್ದದ್ದು, ಒಪೆರಾ ಸಹ ಬ್ರಾಡ್‌ವೇಯ ಹಾದಿ ಹಿಡಿದೀತೆಂಬ ಅಂಜಿಕೆಯೇ.

ಇಷ್ಟೆಲ್ಲ ಪರಿವರ್ತನೆಗೆ ಕಾರಣವಾದ ವೃತ್ತಿಗೆ ಮಾನ್ಯತೆ ದೊರೆತ ಬಗೆ ಮಾತ್ರ ವಿಚಿತ್ರವಾದುದು. ಬ್ರಾಡ್‌ವೇಯ ಟೋನಿ ಪ್ರಶಸ್ತಿಗಳಲ್ಲಿ ಧ್ವನಿ ವಿನ್ಯಾಸಕ್ಕೆ ಸ್ಥಾನ ಸಿಕ್ಕಿದ್ದು 2008ರಲ್ಲಿ. 2014ರ ಜೂನಿನಲ್ಲಿ ಅದನ್ನು ಕೈಬಿಡಲಾಯಿತು. ರಂಗಕರ್ಮಿಗಳ ಪ್ರತಿಭಟನೆಯ ತರುವಾಯ 2018ರಲ್ಲಿ ಪ್ರಶಸ್ತಿ ಮರಳಿತು. ಆ ವರ್ಷ ಸಂಗೀತ ನಾಟಕ ವಿಭಾಗದಲ್ಲಿ ಅದನ್ನು ಪಡೆದವರು ‘ದಿ ಬ್ಯಾಂಡ್ಸ್ ವಿಸಿಟ್’ನ ಕಾಯ್ ಹರಾಡಾ.

ಅಷ್ಟರಲ್ಲಿ ಪೈಪೋಟಿ ಬೇರೊಂದು ಕಡೆಯಿಂದ ಬಂದಿತ್ತು. ಮೈಕುಗಳು ಸಂಚರಿಸುತ್ತಿದ್ದ ರೇಡಿಯೋ ತರಂಗಗಳು ಮೊಬೈಲ್ ಕಂಪನಿಗಳಿಗೂ ಬೇಕಾಗಿದ್ದವು. ಅಮೆರಿಕ ಸರ್ಕಾರದ ಆದೇಶದಂತೆ 2010ರ ಜೂನ್ 12ರ ವೇಳೆಗೆ 700 ಮೆಗಾಹರ್ಟ್ಸ್ ಪಟ್ಟಿಯನ್ನು ಮೈಕುಗಳು ತೆರವು ಮಾಡಬೇಕಾಯಿತು. ಹೊಸ ಸಾಧನ ಕೊಂಡ ಅನೇಕರು ನೆಲೆಸಿದ್ದು 600 ಮೆಗಾಹರ್ಟ್ಸ್‌ನಲ್ಲಿ. 2017ರಲ್ಲಿ ಮುಗಿದ ಹರಾಜಿನಿಂದ ಅದರ ಬಹುಭಾಗವೂ ಕೈತಪ್ಪಿತು. ಅದನ್ನು ತೊರೆಯಲು ಕೊಟ್ಟ ಕಡೆಯ ದಿನ 2020ರ ಜುಲೈ 13. ಆ ದಿನ ಬಂದಾಗ ಬ್ರಾಡ್‌ವೇಯ ರಂಗಮಂದಿರಗಳೆಲ್ಲ ಮಾರ್ಚ್ 12ರಿಂದಲೇ ಸಾಂಕ್ರಾಮಿಕ ರೋಗದ ಕಾರಣ ಬಾಗಿಲು ಮುಚ್ಚಿದ್ದವು. 2021ರ ಸೆಪ್ಟೆಂಬರಿನಲ್ಲಿ ಸಂಗೀತ ನಾಟಕಗಳು ಮತ್ತೆ ರಂಗವೇರಿದಾಗ ನಟರ ತಲೆಗೂದಲ ಅಂಚಿನಲ್ಲಿದ್ದ ಮೈಕುಗಳು ಉಳಿದ ತರಂಗಗಳಲ್ಲೇ ದಾರಿ ಹುಡುಕಿಕೊಳ್ಳಬೇಕಾಯಿತು.