ಹಳೆಯ ಭಾವಚಿತ್ರವನ್ನು ನಕಲು ಮಾಡಿ ತೈಲವರ್ಣ ಕಲಿಯಬಹುದೇ?

ನಕಲು ಮಾಡಿದರೆ ಕೈ ಕೆಡುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಪೂರ್ತಿ ನಿಜವಲ್ಲ. ಮೇಲ್ಮೈಯನ್ನಷ್ಟೇ ನಕಲು ಮಾಡಿದರೆ ಕಲಿಯುವುದು ಕಡಿಮೆ. ಪದರಗಳ ಕ್ರಮವನ್ನು ನಕಲು ಮಾಡಿದರೆ ಬಹಳಷ್ಟು ಕಲಿಯಬಹುದು.

ಎಣ್ಣೆ ಬಣ್ಣ ಒಣಗುವುದು ಹೇಗೆ?

ಜಲವರ್ಣದಲ್ಲಿ ನೀರು ಆವಿಯಾಗುತ್ತದೆ. ತೈಲವರ್ಣದ ಅಗಸೆ ಎಣ್ಣೆ ಹಾಗೆ ಆವಿಯಾಗುವುದಿಲ್ಲ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮೇಲ್ಮೈ ಒಣಗಲು ದಿನಗಳು ಸಾಕು, ಒಳಗೆ ಗಟ್ಟಿಯಾಗಲು ತಿಂಗಳುಗಳು ಬೇಕು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹೀಗೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ಅಡುಗೆಮನೆಯ ಯಾವ ಎಣ್ಣೆಯಾದರೂ ನಡೆಯುತ್ತದೆ ಎಂಬುದು ತಪ್ಪು.

ಚಿಕ್ಕಜಾಜೂರಿನ ಮನೆಯಲ್ಲಿ ಮುದ್ರಿತ ಪ್ರತಿಯೊಂದನ್ನು ಎದುರಿಗಿಟ್ಟು ನಾವು ಮುಖ ಬರೆಯಲು ಹೊರಟಾಗ, ಕೆಳಪದರಕ್ಕೇ ಎಣ್ಣೆ ಹೆಚ್ಚು ಬೆರೆಸಿದೆವು. ವಾರ ಕಳೆದರೂ ಅದು ಬೆರಳಿಗೆ ಅಂಟುತ್ತಿತ್ತು. ಅದರ ಮೇಲೆ ಬೇಗ ಒಣಗುವ ಬಣ್ಣ ಹಚ್ಚಿದ್ದರೆ ಮುಂದೆ ಬಿರುಕು ಬಿಡುವ ಸಾಧ್ಯತೆಯಿತ್ತು. ಕೆಳಗೆ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಹೆಚ್ಚು: ನಿಯಮ ಇಷ್ಟೇ. ಮೊದಲ ಪದರಕ್ಕೆ ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಒಳ್ಳೆಯದು; ಅದರಲ್ಲಿರುವ ಮ್ಯಾಂಗನೀಸ್ ಬೇಗ ಒಣಗಿಸುತ್ತದೆ.

ಕಪ್ಪು ಹಿನ್ನೆಲೆ ನಿಜಕ್ಕೂ ಕಪ್ಪೇ?

ಬರೋಕ್ ಕಾಲದ ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ, ಮುತ್ತಿನ ಓಲೆಯ ಹುಡುಗಿಯ ಚಿತ್ರ ನೋಡಿ. ಹಿನ್ನೆಲೆ ಬರಿಗಪ್ಪಾಗಿ ಕಾಣುತ್ತದೆ. 2018ರಲ್ಲಿ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಆರಂಭವಾದ ಪರೀಕ್ಷೆಗಳು, ಅಲ್ಲಿ ಹಸಿರು ಪರದೆಯೊಂದಿತ್ತೆಂದು ತೋರಿಸಿದವು. ಪಾರದರ್ಶಕ ಹಸಿರು ಪದರ ಕಾಲಕ್ರಮದಲ್ಲಿ ಕೆಟ್ಟಿದೆ. ಅಂದರೆ ಟ್ಯೂಬಿನ ಕಪ್ಪನ್ನು ಬಳಿದವರು ನಕಲು ಮಾಡುವುದು ವರ್ಮೀರನನ್ನಲ್ಲ, ವಯಸ್ಸಾದ ಬಣ್ಣವನ್ನು.

ಗುರು ಇಲ್ಲದಿದ್ದರೆ?

1868ರಲ್ಲಿ ತಿರುವಾಂಕೂರು ಆಸ್ಥಾನಕ್ಕೆ ಬಂದಿದ್ದ ಥಿಯೋಡೋರ್ ಜೆನ್ಸನ್, ಯುವಕ ರವಿವರ್ಮನಿಗೆ ತೈಲವರ್ಣ ಕಲಿಸಲು ಒಪ್ಪಲಿಲ್ಲ. ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ. ನೋಡಿ, ಮಾಡಿ, ತಿದ್ದಿಕೊಂಡೇ ರವಿವರ್ಮ ಕಲಿತರು. ಅವರ ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಮುದ್ರಿತ ಪ್ರತಿಯಲ್ಲಿ ಕಾಣದ ಕುಂಚದ ಗುರುತು, ಬಣ್ಣದ ದಪ್ಪವನ್ನು ಅಲ್ಲಿ ನೋಡಬಹುದು. ಆದರೆ ಅಲ್ಲಿನ ಪ್ರಸಿದ್ಧ ದೀಪದ ಮಹಿಳೆ ರವಿವರ್ಮರದಲ್ಲ, ತೈಲವರ್ಣವೂ ಅಲ್ಲ; ಅದು ಹಳದಣಕರ್ ಅವರ ಜಲವರ್ಣ.

ಎಚ್ಚರಿಕೆ ಏನು?

ಅಗಸೆ ಎಣ್ಣೆಯ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಉಂಡೆಯೊಳಗೆ ಸಿಕ್ಕಿಕೊಂಡು, ಕಿಡಿ ಇಲ್ಲದೆಯೇ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಹಳಬರು ಬಳಸಿದ ಸೀಸದ ಬಿಳಿ ವಿಷ. ಕಲಿಯುವವರಿಗೆ ಟೈಟಾನಿಯಂ ಬಿಳಿ ಸಾಕು.

ನಕಲು ಮಾಡುವುದು ಕಳ್ಳತನವೇ?

ಭಾರತದಲ್ಲಿ ಚಿತ್ರದ ಹಕ್ಕುಸ್ವಾಮ್ಯ ಕಲಾವಿದರ ಮರಣಾನಂತರ 60 ವರ್ಷ. 17ನೇ ಶತಮಾನದ ಚಿತ್ರಕ್ಕೆ ಆ ತೊಡಕಿಲ್ಲ. ಆದರೆ ನಕಲನ್ನು ಮೂಲವೆಂದು ಮಾರುವುದು ಮೋಸ. ಚಿತ್ರದ ಹಿಂಬದಿಯಲ್ಲಿ ನಿಮ್ಮ ಹೆಸರು, ಇಸವಿ ಮತ್ತು ಯಾರ ಚಿತ್ರದ ನಕಲು ಎಂಬುದನ್ನು ಬರೆದಿಡಿ.