ಫೋನು ಮರೆಯುವ ಬಗೆ

2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಇದ್ದದ್ದು 192 ಎಂಬಿ ರ‍್ಯಾಮ್. ಅದರ ಹಿಂದಿನ ವರ್ಷದ ಮೊದಲ ಐಫೋನಿನಲ್ಲಿ 128 ಎಂಬಿ. ಇವತ್ತಿನ ಸಾಧಾರಣ ಫೋನಿನಲ್ಲೂ ಅದರ ಇಪ್ಪತ್ತು ಮೂವತ್ತು ಪಟ್ಟು ಇರುತ್ತದೆ. ಆದರೂ ಲೋಕಲ್ ಟ್ರೇನಿನಲ್ಲೋ ಮೆಟ್ರೋದಲ್ಲೋ ಅಕ್ಕಪಕ್ಕದವರನ್ನು ಗಮನಿಸಿ. ಫೋನು ಜೇಬಿಗೆ ಹಾಕುವ ಮುಂಚೆ, ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತಾರೆ. ರಾತ್ರಿ ಅಡುಗೆಮನೆಯ ಕಟ್ಟೆ ಒರೆಸಿ ದೀಪ ಆರಿಸಿದಷ್ಟು ಶ್ರದ್ಧೆಯಿಂದ. ಹೀಗೆ ಮಾಡಿದರೆ ಫೋನು ಹಗುರಾಗುತ್ತದೆ, ಬ್ಯಾಟರಿ ಉಳಿಯುತ್ತದೆ ಎಂಬ ನಂಬಿಕೆ. ಬಹುಮಟ್ಟಿಗೆ ಅದು ಸುಳ್ಳು ನಂಬಿಕೆ. ಆದರೆ ಸುಮ್ಮನೆ ಹುಟ್ಟಿದ್ದಲ್ಲ.

ಗೊಂದಲದ ಒಂದು ಪಾಲು ಮಾತಿನದು. 'ಮೆಮೊರಿ ಫುಲ್ ಆಗಿದೆ' ಎಂದು ನಾವು ಹೇಳುವಾಗ ಎರಡು ಬೇರೆ ಸಂಗತಿಗಳು ಒಂದೇ ಪದದಲ್ಲಿ ಕೂತಿರುತ್ತವೆ. ಫೋಟೊ, ವಿಡಿಯೊಗಳು ಕಾಯಂ ಆಗಿ ಉಳಿಯುವ ಜಾಗ ಒಂದು. ಕೆಲಸ ನಡೆಯುವಾಗ ಮಾತ್ರ ಬೇಕಾಗುವ ರ‍್ಯಾಮ್ ಇನ್ನೊಂದು. ಮೊದಲನೆಯದು ಅಟ್ಟ, ಎರಡನೆಯದು ಅಡುಗೆಯ ಕಟ್ಟೆ. ಅಟ್ಟ ಖಾಲಿ ಇದ್ದಷ್ಟೂ ಒಳ್ಳೆಯದು. ಕಟ್ಟೆ ಹಾಗಲ್ಲ: ಕೈಗೆ ಸಿಗುವಂತೆ ಸಾಮಾನು ಹರಡಿಕೊಂಡಿದ್ದರೇ ಅಡುಗೆ ಬೇಗ ಆಗುವುದು. ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ.

ಕಟ್ಟೆ ಚಿಕ್ಕದು, ಸಾಮಾನು ಹೆಚ್ಚು ಎಂಬ ಸಮಸ್ಯೆ ಫೋನಿಗಿಂತ ಬಹಳ ಹಳೆಯದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಮುಂದಾಳುತನದಲ್ಲಿ ತಯಾರಾಗಿ 1962ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಅಟ್ಲಾಸ್ ಕಂಪ್ಯೂಟರು ಇದಕ್ಕೊಂದು ಉಪಾಯ ಕಂಡುಕೊಂಡಿತ್ತು. ಅದರ ವೇಗದ ಮೆಮೊರಿ ಚಿಕ್ಕದು. ಪಕ್ಕದಲ್ಲಿ ತಿರುಗುತ್ತಿದ್ದ ಕಾಂತೀಯ ಡ್ರಮ್ಮು ಆರು ಪಟ್ಟು ದೊಡ್ಡದು, ಆದರೆ ನಿಧಾನ. ಸದ್ಯಕ್ಕೆ ಬೇಡವಾದ ಪುಟಗಳನ್ನು ಯಂತ್ರವೇ ಡ್ರಮ್ಮಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತಿತ್ತು. ಪ್ರೋಗ್ರಾಂ ಬರೆಯುವವರಿಗೆ ಎರಡೂ ಸೇರಿ ಒಂದೇ ದೊಡ್ಡ ಮೆಮೊರಿಯ ಹಾಗೆ ಕಾಣುತ್ತಿತ್ತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳು ಇಂದಿಗೂ ಈ ಜಾಡಿನಲ್ಲೇ ಇವೆ. ಹತ್ತು ಕಿಟಕಿ ತೆರೆದಿಟ್ಟರೆ ನಿಧಾನವಾಗುತ್ತವೆ, ಆದರೆ ಯಾವುದನ್ನೂ ತಾವಾಗಿ ಮುಚ್ಚುವುದು ಅಪರೂಪ. ಮುಚ್ಚುವ ಕೆಲಸ ನಮ್ಮದು.

ಮೊದಲ ಸ್ಮಾರ್ಟ್‌ಫೋನುಗಳು ಈ ಜಾಡು ಹಿಡಿಯಲಿಲ್ಲ. ಫೋನಿನ ಫ್ಲ್ಯಾಶ್ ಚಿಪ್ಪಿಗೆ ಬರೆದು ಅಳಿಸಿದಷ್ಟೂ ಸವೆತ. ಎಡೆಬಿಡದೆ ಪುಟಗಳನ್ನು ಹೊತ್ತು ಹಾಕುತ್ತಿದ್ದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ, ಜೊತೆಗೆ ನಿಧಾನ ಬೇರೆ. ಹಾಗಾಗಿ ಆಂಡ್ರಾಯ್ಡ್ ಕಟ್ಟಿದವರು ನಿಷ್ಠುರವಾದ ದಾರಿ ಹಿಡಿದರು: ಜಾಗ ಸಾಲದಿದ್ದರೆ ಆ್ಯಪನ್ನು ಕೊಂದುಬಿಡುವುದು. ಆ ಕೆಲಸ ಮಾಡುವ ಭಾಗದ ಹೆಸರಲ್ಲೇ 'ಕಿಲ್ಲರ್' ಎಂಬ ಪದವಿದೆ. (ಎಲ್ಲ ಆ್ಯಪ್‌ಗಳೂ ಕವಲೊಡೆದು ಬರುವ ಮೂಲ ಪ್ರಕ್ರಿಯೆಗೆ 'ಝೈಗೋಟ್', ಅಂದರೆ ಭ್ರೂಣದ ಮೊದಲ ಕಣ, ಎಂದು ಹೆಸರು. ಹುಟ್ಟು ಸಾವು ಎರಡಕ್ಕೂ ಎಂಜಿನಿಯರುಗಳು ಲೆಕ್ಕ ಇಟ್ಟಿದ್ದರು.) ಪ್ರತಿ ಆ್ಯಪಿಗೂ ಅಂಕ. ಕಣ್ಣೆದುರು ಇರುವುದು ಕೊನೆಗೆ; ಹಾಡು ಹಾಡುತ್ತಿರುವುದು ಅದಕ್ಕಿಂತ ಸ್ವಲ್ಪ ಮುಂಚೆ; ಯಾವಾಗಲೋ ತೆರೆದು ಬಿಟ್ಟದ್ದು ಎಲ್ಲಕ್ಕಿಂತ ಮೊದಲು.

ಜಾಣತನ ಇರುವುದು ಕೊಲ್ಲುವುದರಲ್ಲಲ್ಲ, ಕೊಂದದ್ದು ಗೊತ್ತಾಗದಂತೆ ನೋಡಿಕೊಳ್ಳುವುದರಲ್ಲಿ. ನೀವು ಆಚೆ ಹೋಗುವಾಗ ಆ್ಯಪ್ ಒಂದು ಸಣ್ಣ ಚೀಟಿ ಬರೆದಿಡಬೇಕು: ಯಾವ ಪರದೆಯಲ್ಲಿದ್ದರು, ಎಲ್ಲಿಯವರೆಗೆ ಓದಿದ್ದರು. ನೀವು ಮರಳಿದಾಗ ಹೊಸದಾಗಿ ಹುಟ್ಟಿದ ಆ್ಯಪ್ ಆ ಚೀಟಿ ಓದಿಕೊಂಡು, ತಾನು ಇಲ್ಲೇ ಇದ್ದೆ ಎಂಬಂತೆ ನಟಿಸುತ್ತದೆ. ಚೀಟಿ ಸರಿಯಾಗಿ ಬರೆಯದ ಆ್ಯಪ್‌ಗಳು ಮಾತ್ರ ಸಿಕ್ಕಿಬೀಳುತ್ತವೆ. ಅರ್ಧ ತುಂಬಿದ ಅರ್ಜಿ ಬಿಟ್ಟು ಓಟಿಪಿ ನೋಡಿ ಬರುವಷ್ಟರಲ್ಲಿ ಎಲ್ಲ ಖಾಲಿಯಾಗಿರುವುದು ಅಂಥವುಗಳ ಕೃಪೆ.

ಆ್ಯಪಲ್ ಇನ್ನೂ ಬಿಗಿಯಾಗಿತ್ತು. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆದಾಗ ಹೊರಗಿನವರ ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಬದುಕೇ ಇರಲಿಲ್ಲ. ಹೋಮ್ ಬಟನ್ ಒತ್ತಿದರೆ ಅಲ್ಲಿಗೆ ಮುಗಿಯಿತು. ಬದಲಿಗೆ, ಸುದ್ದಿ ಬಂದಾಗ ತನ್ನ ಸರ್ವರಿನಿಂದಲೇ ಬಾಗಿಲು ತಟ್ಟುವ ಪುಶ್ ನೋಟಿಫಿಕೇಶನ್ ಕೊಡುವುದಾಗಿ ಹೇಳಿತು. ಆ ಸೆಪ್ಟೆಂಬರಿಗೆ ಎಂದದ್ದು ಬಂದದ್ದು ಮರುವರ್ಷದ ಜೂನಿನಲ್ಲಿ. 2010ರಲ್ಲಿ ಕೊನೆಗೂ ಬಹುಕಾರ್ಯಕ್ಕೆ ಅವಕಾಶ ಸಿಕ್ಕಿತು, ಅದೂ ಪೂರ್ತಿಯಲ್ಲ: ಹಾಡು, ಇಂಟರ್ನೆಟ್ ಕರೆ, ದಾರಿ ತೋರಿಸುವುದು ಮುಂತಾದ ಎಣಿಕೆಯ ಕೆಲಸಗಳಿಗೆ ಮಾತ್ರ. ಮಿಕ್ಕವು ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲಬೇಕು. 128 ಎಂಬಿಯ ಐಫೋನ್ 3ಜಿಗೆ ಅದೂ ದಕ್ಕಲಿಲ್ಲ. ಬಳಕೆದಾರರು ಆ್ಯಪ್ ಮುಚ್ಚುವ ಉಸಾಬರಿಗೇ ಹೋಗಬಾರದು ಎಂಬುದು ಅಂದು ಸ್ಟೀವ್ ಜಾಬ್ಸ್ ನಿಲುವು. ಅದೇ ತಿಂಗಳು ಆಂಡ್ರಾಯ್ಡ್ ತಂಡದ ಡಯಾನ್ ಹ್ಯಾಕ್‌ಬಾರ್ನ್ ತಮ್ಮ ವ್ಯವಸ್ಥೆಯನ್ನು ವಿವರಿಸಿ ಬರೆದರು. ಎರಡು ಪಾಳೆಯಗಳೂ ಈ ಒಂದು ಮಾತಿನಲ್ಲಿ ಒಂದೇ.

ಹಾಗಿದ್ದರೂ ಇಬ್ಬರೂ ನಮ್ಮ ಕೈಗೆ ಒಂದು ಪಟ್ಟಿ ಕೊಟ್ಟರು. 2011ರ ಆಂಡ್ರಾಯ್ಡ್ 4ರಲ್ಲಿ, 2013ರ ಐಓಎಸ್ 7ರಲ್ಲಿ ಅದು ಬೆರಳಿನಿಂದ ತಳ್ಳಬಹುದಾದ ಕಾರ್ಡುಗಳ ಸಾಲಾಯಿತು. ಕಂಪ್ಯೂಟರಿನಿಂದ ಬಂದವರಿಗೆ ಅದು ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯಂತೆ ಕಂಡಿತು. ನಿಜಕ್ಕೂ ಅದು ಇತ್ತೀಚೆಗೆ ನೋಡಿದ್ದರ ಪಟ್ಟಿ. ಕಾರ್ಡಿನಲ್ಲಿರುವುದು ಆ್ಯಪಿನ ಕೊನೆಯ ನೋಟದ ಚಿತ್ರ. ಎಷ್ಟೋ ಸಲ ಆ್ಯಪ್ ಸತ್ತು ಗಂಟೆಗಳಾಗಿರುತ್ತದೆ, ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಉಳಿದಿರುತ್ತದೆ. ಬದುಕಿರುವುದನ್ನು ತಳ್ಳಿದರೆ ಮುಂದಿನ ಸಲ ಅದನ್ನು ಮೊದಲಿನಿಂದ ಎಬ್ಬಿಸಬೇಕು, ಖರ್ಚು ಹೆಚ್ಚೇ. 2016ರಲ್ಲಿ ಗ್ರಾಹಕರೊಬ್ಬರು ಟಿಮ್ ಕುಕ್‌ಗೆ ಮೇಲ್ ಬರೆದು, ನೀವು ಹೀಗೆ ಮುಚ್ಚುತ್ತೀರಾ, ಬ್ಯಾಟರಿ ಉಳಿಸಲು ಮುಚ್ಚಬೇಕಾ ಎಂದು ಕೇಳಿದ್ದರು. ಉತ್ತರಿಸಿದ ಕ್ರೇಗ್ ಫೆಡರಿಘಿ ಎರಡಕ್ಕೂ ಇಲ್ಲ ಎಂದರು.

ನಮ್ಮ ದೇಶದಲ್ಲಿ ಈ ಅಭ್ಯಾಸ ವ್ಯಾಪಾರವಾಗಿ ಬೆಳೆಯಿತು. 512 ಎಂಬಿ, 1 ಜಿಬಿ ಫೋನುಗಳು ನಿಜವಾಗಿಯೂ ಮುಗ್ಗರಿಸುತ್ತಿದ್ದವು. ಆಗ ಬಂದವು 'ಕ್ಲೀನರ್' ಆ್ಯಪ್‌ಗಳು. ಒಂದು ಗುಂಡಿ, ತಿರುಗುವ ಪೊರಕೆ, 'ಇಷ್ಟು ಎಂಬಿ ಖಾಲಿಯಾಯಿತು' ಎಂಬ ಅಂಕಿ, ಪಕ್ಕದಲ್ಲೊಂದು ಜಾಹೀರಾತು. ಕೊಂದ ಆ್ಯಪ್‌ಗಳಲ್ಲಿ ಹಲವು ಮರುಗಳಿಗೆ ಮತ್ತೆ ಎದ್ದು ಕೂರುತ್ತಿದ್ದವು. ಗುಂಡಿಗೆ ಮತ್ತೆ ಕೆಲಸ. ಸದಾ ಹಿನ್ನೆಲೆಯಲ್ಲಿ ಕೂತಿರುತ್ತಿದ್ದದ್ದು ಕ್ಲೀನರೇ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಕ್ಲೀನ್ ಮಾಸ್ಟರ್, ಡಿಯು ಕ್ಲೀನರ್ ಕೂಡ ಇದ್ದವು. ಆದರೆ ಅದಕ್ಕೆ ಕೊಟ್ಟ ಕಾರಣ ಭದ್ರತೆ; ಪೊರಕೆಯ ನಾಟಕ ಯಾರ ತಕರಾರೂ ಆಗಲಿಲ್ಲ. ಚಿಕ್ಕ ಫೋನುಗಳ ತೊಂದರೆಗೆ ಬೇರೆ ಮದ್ದು ಮೊದಲೇ ಬಂದಿತ್ತು: 2013ರ ಆಂಡ್ರಾಯ್ಡ್ 4.4 ಮೆಮೊರಿಯ ಪುಟಗಳನ್ನು ರ‍್ಯಾಮ್ ಒಳಗೇ ಹಿಂಡಿ ಚಿಕ್ಕದಾಗಿಸಿ ಇಡುವ ವಿಧಾನಕ್ಕೆ ಒತ್ತು ಕೊಟ್ಟಿತು. ಅಟ್ಲಾಸ್‌ನ ಉಪಾಯವೇ, ಡ್ರಮ್ಮು ಮಾತ್ರ ಇಲ್ಲ.

ಈಗ ರ‍್ಯಾಮ್ ಧಾರಾಳ. ಕೊಲ್ಲುವುದು ನಿಂತಿಲ್ಲ, ಕಾರಣ ಬದಲಾಗಿದೆ: ಬ್ಯಾಟರಿ. 2015ರಿಂದ ಆಂಡ್ರಾಯ್ಡ್ ಅಲುಗಾಡದೆ ಮಲಗಿದ ಫೋನಿನ ಆ್ಯಪ್‌ಗಳನ್ನು ನಿದ್ದೆಗೆ ದೂಡುತ್ತದೆ; 2017ರಿಂದ ಹಿನ್ನೆಲೆಯ ಕೆಲಸಕ್ಕೆ ಇನ್ನಷ್ಟು ಕಡಿವಾಣ. ಇದರ ಮೇಲೆ ಕೆಲವು ಫೋನ್ ತಯಾರಕರು ತಮ್ಮದೇ ಕತ್ತರಿ ಆಡಿಸುತ್ತಾರೆ. ಅಂಥ ಫೋನಿನಲ್ಲಿ ಕಾರ್ಡು ತಳ್ಳುವುದೂ ಸೆಟ್ಟಿಂಗ್ಸ್‌ನ 'ಫೋರ್ಸ್ ಸ್ಟಾಪ್' ಒತ್ತುವುದೂ ಹೆಚ್ಚುಕಡಿಮೆ ಒಂದೇ. ಫೋರ್ಸ್ ಸ್ಟಾಪ್ ಆದ ಆ್ಯಪಿನ ಅಲಾರಂಗಳು ರದ್ದಾಗುತ್ತವೆ. ಯಾರಾದರೂ ಮತ್ತೆ ಕೈಯಾರೆ ತೆರೆಯುವವರೆಗೆ ಅದು ಏಳುವುದಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನ ಫೋನಿಗೆ ಮಾತ್ರೆ ನೆನಪಿಸುವ ಆ್ಯಪ್ ಹಾಕಿಕೊಟ್ಟು, ಇಲ್ಲಿ ಪುಣೆಯಲ್ಲೋ ಚೆನ್ನೈಯಲ್ಲೋ ನಿಶ್ಚಿಂತೆಯಿಂದ ಇರುವವರು ಇದನ್ನು ತಿಳಿದಿರಬೇಕು. ಅವರು ರಾತ್ರಿ ಮಲಗುವ ಮುಂಚೆ ಫೋನು 'ಸಾಫು' ಮಾಡಿದರೆ ಬೆಳಗಿನ ಗಂಟೆ ಬಾರಿಸದೇ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಭಾಗಕ್ಕೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಆಮೇಲೆ, ಕಾರ್ಡು ತಳ್ಳಬೇಡಿ ಎಂದು ಫೋನ್ ಮಾಡಿ ಹೇಳಿ.