ಬಂಡಿಯ ಒಲೆಯಿಂದ ಇಂಡಕ್ಷನ್ ಒಲೆಗೆ

ಗೋಕಾಕ ಜಲಪಾತದ ನೆರೆಯ ಊರು ಕೊಣ್ಣೂರ. ಜಲಪಾತದಲ್ಲಿ ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. 1887ರಲ್ಲಿ ಈ ನೀರಿನ ಬಲವನ್ನು ಅಲ್ಲಿಯ ನೂಲಿನ ಗಿರಣಿಗೆ ದುಡಿಸಿಕೊಳ್ಳಲಾಯಿತು. ಈಗ ಒಂದು ಪ್ರಶ್ನೆ. ಇದೇ ಬಲದಿಂದ ಒಂದು ಲೀಟರ್ ನೀರನ್ನು ಚಹಾಕ್ಕೆ ಕುದಿಸಬೇಕಾದರೆ ಎಷ್ಟು ನೀರು ಬೀಳಬೇಕು? ಮುಂದೆ ಓದುವ ಮೊದಲು ನಿಮ್ಮ ಊಹೆಯನ್ನು ಬರೆದಿಡಿ.

ಒಂದು ಲೀಟರ್ ನೀರು 52 ಮೀಟರ್ ಬಿದ್ದಾಗ ದೊರೆಯುವ ಶಕ್ತಿ ಸುಮಾರು 510 ಜೂಲ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 3,14,000 ಜೂಲ್. ಎಳ್ಳಷ್ಟೂ ನಷ್ಟವಿಲ್ಲವೆಂದುಕೊಂಡರೂ 600ಕ್ಕೂ ಹೆಚ್ಚು ಲೀಟರ್ ನೀರು ಬೀಳಬೇಕು! ಅಡುಗೆ ಅಷ್ಟು ಶಕ್ತಿ ಬೇಡುವ ಕೆಲಸ. ಮನೆಯಲ್ಲಿದ್ದಾಗ ಇದು ನಮ್ಮ ಅರಿವಿಗೆ ಬರುವುದಿಲ್ಲ. ದಾರಿಯಲ್ಲಿ ಬೇಯಿಸಿಕೊಳ್ಳುವವರಿಗೆ ಕೂಡಲೇ ತಿಳಿಯುತ್ತದೆ.

ಸವದತ್ತಿ ಯಲ್ಲಮ್ಮನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರು ಹಿಟ್ಟು, ಬೇಳೆ ಒಯ್ಯುತ್ತಿದ್ದರು. ಬಿಡಾರ ಹೂಡಿದಲ್ಲಿ ಮೂರು ಕಲ್ಲು ಇಟ್ಟು, ಸುತ್ತಲಿನ ಪುಳ್ಳೆ ಆರಿಸಿ ಒಲೆ ಹೊತ್ತಿಸುತ್ತಿದ್ದರು. ಬಯಲಿನಲ್ಲಿ ಉರಿ ಇದ್ದುದರಿಂದ ಹೊಗೆ ಗಾಳಿಯ ಪಾಲಾಗುತ್ತಿತ್ತು. ಇಂದಿನ ಕ್ಯಾರವಾನ್ ಹಾಗಲ್ಲ. ಅದು ನಾಲ್ಕು ಗೋಡೆಗಳ ಪುಟ್ಟ ಕೋಣೆ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ. ನೆಲಮಟ್ಟದಲ್ಲಿ ಸೇರಿಕೊಂಡು ಕಿಡಿಗಾಗಿ ಕಾಯುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಆದ್ದರಿಂದಲೇ ಜ್ವಾಲೆಯಿಲ್ಲದ ಇಂಡಕ್ಷನ್ ಒಲೆಯತ್ತ ಜನರ ಕಣ್ಣು ಹೊರಳಿದೆ.

ಈ ಒಲೆಯ ಮೂಲ 1831ರಲ್ಲಿದೆ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು ಆ ವರ್ಷ ಮೈಕೆಲ್ ಫ್ಯಾರಡೆ ತೋರಿಸಿದರು. 1855ರಲ್ಲಿ ಫ್ರಾನ್ಸಿನ ಫುಕೋ ಕಾಂತಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿದಾಗ ಬಿಲ್ಲೆ ಬಿಸಿಯಾಯಿತು. ಲೋಹದೊಳಗೆ ನೀರಿನ ಸುಳಿಯಂತೆ ಸುತ್ತುವ ಸುಳಿ ಪ್ರವಾಹಗಳೇ ಇದಕ್ಕೆ ಕಾರಣ. ಗೋಕಾಕದ ಗಿರಣಿ ನೀರಿನ ಬಲಕ್ಕೆ ಕೈಯೊಡ್ಡಿದ ಆ 1887ರಲ್ಲೇ ಇಂಗ್ಲೆಂಡಿನ ಫೆರಾಂಟಿ ಲೋಹ ಕರಗಿಸುವ ಇಂಡಕ್ಷನ್ ಕುಲುಮೆಗೆ ಪೇಟೆಂಟ್ ಕೋರಿದರು. ಅಡುಗೆಮನೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. 1950ರ ದಶಕದ ಅಮೆರಿಕದ ಪ್ರದರ್ಶನಗಳಲ್ಲಿ ಒಲೆಗೂ ಪಾತ್ರೆಗೂ ನಡುವೆ ವೃತ್ತಪತ್ರಿಕೆ ಇಟ್ಟು ನೀರು ಕುದಿಸಿ ತೋರಿಸಿದರು. ಕಾಗದ ಸುಡಲಿಲ್ಲ, ಬಿಸಿ ಹುಟ್ಟುವುದು ಪಾತ್ರೆಯ ತಳದಲ್ಲಿಯೇ ತಾನೆ? 1971ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಮನೆಬಳಕೆಯ ಮಾದರಿಯನ್ನು ಮುಂದಿಟ್ಟಿತು.

ಆಗಿನ ತೊಡಕು ಏನೆಂದರೆ, ಸುರುಳಿಯಲ್ಲಿ ಪ್ರವಾಹವನ್ನು ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ಹಿಂದುಮುಂದಾಗಿಸಬೇಕು. ಅದಕ್ಕಿಂತ ಕಡಿಮೆಯಾದರೆ ಪಾತ್ರೆಯ ಗುಂಯ್‌ಗುಟ್ಟುವಿಕೆ ಕಿವಿಗೆ ಕೇಳುತ್ತದೆ. ದೊಡ್ಡ ಪ್ರವಾಹವನ್ನು ಅಷ್ಟು ಚುರುಕಾಗಿ ಬದಲಿಸುವ ಅಗ್ಗದ ಸ್ವಿಚ್ ಆಗ ಇರಲಿಲ್ಲ. ಈ ಕೊರತೆಯನ್ನು ನೀಗಿದ ಐಜಿಬಿಟಿ ಎಂಬ ಅರೆವಾಹಕ ಸಾಧನವನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರೂಪಿಸಿದವರು ಬಿ. ಜಯಂತ್ ಬಾಲಿಗ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. 2024ರ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಹೀಗೆ ಒಲೆ ಸಿದ್ಧವಾಯಿತು. ಆದರೆ ಕ್ಯಾರವಾನ್ ಜೊತೆ ಜಲಪಾತ ಬರುವುದಿಲ್ಲವಲ್ಲ! 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿರುವುದು 1.2 ಯೂನಿಟ್ ವಿದ್ಯುತ್. ಬ್ಯಾಟರಿ ಬಾಳಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಇನ್ವರ್ಟರಿನ ನಷ್ಟ ಕಳೆದರೆ 2,000 ವಾಟ್ ಒಲೆ ಕಾಲು ಗಂಟೆ ಉರಿದೀತು. ಆಗ ತಂತಿಯಲ್ಲಿ ಹರಿಯುವ ಪ್ರವಾಹ ಸುಮಾರು 185 ಆಂಪಿಯರ್. ತಂತಿ ತೆಳುವಾಗಿದ್ದರೆ, ಜೋಡಣೆ ಸಡಿಲವಾಗಿದ್ದರೆ, ಪಾತ್ರೆಗಿಂತ ಮೊದಲು ತಂತಿಯೇ ಕಾಯುತ್ತದೆ. ಗ್ಯಾಸಿನ ಅಪಾಯ ತಪ್ಪಿಸಲು ಹೋಗಿ ಬೆಂಕಿ ತಂದುಕೊಂಡಂತಾಗಬಾರದು. ಇನ್ನೊಂದು ಲೆಕ್ಕ ನೋಡಿ: ತುಂಬಿದ ಆ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ 100 ಗ್ರಾಂ ಎಲ್‌ಪಿಜಿಯಲ್ಲಿರುವುದಕ್ಕಿಂತಲೂ ಕಡಿಮೆ. 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಇದ್ದರೆ ಸುಮಾರು ಒಂದು ಗಂಟೆ ಅಡುಗೆ ಸಾಧ್ಯ. ಚಾವಣಿಯ 400 ವಾಟ್ ಸೌರಫಲಕವು ನಾಲ್ಕು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ ಅದನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಬಲ್ಲುದು. ಮೋಡದ ದಿನ ಬೇಳೆ ಮೊದಲೇ ನೆನೆಸಿ, ಕುಕ್ಕರಿನಲ್ಲಿ ಬೇಯಿಸುವುದೇ ಜಾಣತನ.

ಪಾತ್ರೆಯ ಮಾತು ಉಳಿಯಿತು. ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ, ತಾಮ್ರದ ತಂಬಿಗೆ ಕಾಯುವುದಿಲ್ಲ. ತಳಕ್ಕೆ ಆಯಸ್ಕಾಂತ ಅಂಟಿದರೆ ಪಾತ್ರೆ ನಡೆಯುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೇ ಪರೀಕ್ಷಿಸಿ. ರೊಟ್ಟಿ ಸುಡುವ ಕಬ್ಬಿಣದ ಹಂಚಿಗೆ ಆಯಸ್ಕಾಂತವೇನೋ ಚೆನ್ನಾಗಿ ಅಂಟುತ್ತದೆ. ಆದರೆ ಅದರ ತಳ ಡೊಂಕಾಗಿದ್ದರೆ ಗಾಜಿನ ಮೇಲೆ ನಡುಭಾಗವಷ್ಟೇ ತಾಗಿ, ರೊಟ್ಟಿ ನಡುವೆ ಕರಕಾಗಿ ಅಂಚಿನಲ್ಲಿ ಹಸಿ ಉಳಿಯುತ್ತದೆ. ಚಪ್ಪಟೆ ತಳದ್ದನ್ನು ಹುಡುಕಬೇಕು. ಅದರ ಮೇಲೂ ರೊಟ್ಟಿ ಬೇಯುತ್ತದೆ, ಆದರೆ ಕೊನೆಗೆ ಕೆಂಡಕ್ಕೆ ಒಡ್ಡಿ ಉಬ್ಬಿಸುವ ಹಾಗಿಲ್ಲ.